ಬೈಲಿನ ಹೂ ಯಾರದ್ದು?

ನೇಜಿ ನೆಡುವಾಗ ನಾನು ಹಾಡುತ್ತಿದ್ದ ಬೈಲಿನಲ್ಲಿ ಈಗ ಅಡಿಕೆ ತೋಟ. ಕಣಿ ತೆಗೆದು ನೀರು ಬಸಿದದ್ದು, ಸಸಿ ಇಟ್ಟದ್ದು ನಾನೇ. ಮಗಳ ಮದುವೆ ಸಾಲ ತೀರಿಸಿದ್ದು ಅಡಿಕೆ, ಮರದ ತಪ್ಪೇನಿಲ್ಲ.

ಆದರೆ ಓಣಂ ಹೊತ್ತಿಗೆ ಭತ್ತದ ಎಡೆಯಲ್ಲಿ ಸಣ್ಣ ನೀಲಿ ಹೂ ಅರಳುತ್ತಿತ್ತು, ಮಲಯಾಳದವರ ಕಾಕ್ಕಪ್ಪೂವು. ಅದಕ್ಕೆ ನೀರೂ ಬೇಕು, ಬಿಸಿಲೂ ಬೇಕು. ಎರಡನ್ನೂ ನಾನು ತೆಗೆದೆ. ತಿಮರೆ ಉಳಿದಿದೆ, ಸುಳ್ಳು ಹೇಳಬಾರದು. ಅದಕ್ಕೆ ನೆರಳಾದರೂ ಆಗ್ತದೆ.

2008ರಲ್ಲಿ ಕೇರಳದಲ್ಲಿ ಗದ್ದೆ ಉಳಿಸುವ ಕಾನೂನು ಬಂತು. ನನ್ನ ತೋಟ ಅದಕ್ಕೂ ಮೊದಲಿನದ್ದು, ಯಾರೂ ಕೇಳುವುದಿಲ್ಲ. ಜಾಗದ ಆಧಾರ ನನ್ನ ಹೆಸರಲ್ಲೇ ಇದೆ. ಹೂವಿನದ್ದು? ಊರಿನ ಮಕ್ಕಳು ಕೇಳದೆ ಕೊಯ್ಯುತ್ತಿದ್ದರು, ನಾನು ಬೈದದ್ದಿಲ್ಲ. ಅದು ನನ್ನದಲ್ಲ ಅಂತ ಆಗಲೇ ಒಪ್ಪಿದ್ದೆನಲ್ಲ? ಸಸಿ ಇಡುವಾಗ ಅವರನ್ನು ಕೇಳಬೇಕು ಅಂತ ತೋಚಲಿಲ್ಲ.

ಈ ವರ್ಷ ಮೊಮ್ಮಗಳು ಪೂಕಳಕ್ಕೆ ಪೇಟೆಯಿಂದ ಚೆಂಡುಹೂ ತಂದಳು.