ಹೋಗಿಬರುವವರ ಧರ್ಮ

ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗ ಎಲಿಫೆಂಟಾ ದ್ವೀಪಕ್ಕೆ ಮೊದಲ ಸಲ ಹೋಗುವುದು ತನ್ನ ಕುತೂಹಲಕ್ಕಾಗಿ. ಆಮೇಲಿನ ಸಲಗಳೆಲ್ಲ ಊರಿನಿಂದ ಬಂದ ನೆಂಟರಿಗಾಗಿ. ಈ ಎರಡನೆಯ ಬಗೆಯ ಭೇಟಿಯನ್ನು ನಾವು ಒಂದು ಶಿಕ್ಷೆಯೆಂಬಂತೆ ಆಡಿಕೊಳ್ಳುವುದುಂಟು. ನೋಡಿದ್ದನ್ನೇ ಮತ್ತೆ ನೋಡುವುದೇನು, ಅದೇ ಮೆಟ್ಟಿಲು, ಅದೇ ಗುಹೆ, ಅದೇ ಮೂರು ಮುಖದ ಸದಾಶಿವ ಎಂದು. ನನಗೆ ಹಾಗೆನಿಸಿಲ್ಲ. ಮೊದಲ ಸಲ ಹೋದಾಗ ನಮ್ಮ ಕಣ್ಣು ನೋಡಲೇಬೇಕಾದ ವಸ್ತುಗಳ ಸಾಲಿನ ಹಿಂದೆ ಓಡುತ್ತಿರುತ್ತದೆ. ಆ ಸಾಲಗಾರರೆಲ್ಲ ತೀರಿದ ಮೇಲೆ, ಎರಡನೆಯ ಸಲ, ಅಲ್ಲಿ ಯಾರು ಬದುಕುತ್ತಿದ್ದಾರೆ ಎಂಬುದು ಕಾಣತೊಡಗುತ್ತದೆ.

ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚಿನಲ್ಲಿ ಒಂದು ಗಂಟೆಯ ಹಾದಿ. ಊರವರಿಗೆ ಅದು ಘಾರಾಪುರಿ. ಎರಡು ಗುಡ್ಡ, ನಡುವೆ ಒಂದು ಕಣಿವೆ, ಅಂಚಿನಲ್ಲಿ ಕೆಸರು, ಕಾಂಡ್ಲಾ ಗಿಡಗಳು. ಶೇತ್‌ಬಂದರ್, ಮೋರಾಬಂದರ್, ರಾಜಬಂದರ್ ಎಂಬ ಮೂರು ಹಳ್ಳಿಗಳು. ಪಡುವಣ ಗುಡ್ಡವನ್ನು ಕೊರೆದು 6ನೆಯ ಶತಮಾನದ ಹೊತ್ತಿಗೆ ಮಾಡಿದ ಶೈವ ಗುಹೆಗಳು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮಗೂ ಇದರೊಡನೆ ಒಂದು ಹಳೆಯ ನಂಟು ಇರಬಹುದು: ಇಮ್ಮಡಿ ಪುಲಕೇಶಿ ಮದಗಜಗಳಂಥ ನಾವೆಗಳನ್ನೊಯ್ದು ಪಡುಗಡಲಿನ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದನೆಂದು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳುತ್ತಾನೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರ ಮತ, ಎಲ್ಲರೂ ಒಪ್ಪಿದ್ದಲ್ಲ. ಇಷ್ಟು ಹೆಸರಾದ ದ್ವೀಪಕ್ಕೆ, ರಾತ್ರಿಯೆಲ್ಲ ದೀಪ ಉರಿಯುವ ಮುಂಬಯಿ ಕಣ್ಣಳತೆಯಲ್ಲೇ ಇದ್ದರೂ, ವಿದ್ಯುತ್ತು ಬಂದದ್ದು 2018ರಲ್ಲಿ, ಸಮುದ್ರದ ತಳದಲ್ಲಿ ಏಳೂವರೆ ಕಿಲೋಮೀಟರ್ ಕೇಬಲ್ ಹಾಸಿದ ಮೇಲೆ. ಹಗಲಿಗೆ ಬಂದು ಹಗಲಿಗೇ ಹೊರಡುವ ಪ್ರವಾಸಿಗರಿಗೆ ಅಲ್ಲಿಯ ಕತ್ತಲೆ ಎಂದೂ ಕಣ್ಣಿಗೆ ಬಿದ್ದಿರಲಿಲ್ಲ.

ನಾನು ಹೇಳಹೊರಟದ್ದು ಶಿಲ್ಪದ ವಿಷಯವಲ್ಲ, ನಾಯಿಗಳ ವಿಷಯ. ದ್ವೀಪದ ಧಕ್ಕೆಯಲ್ಲಿ ಲಾಂಚು ನಿಂತ ಕೂಡಲೇ ನಾಲ್ಕಾರು ನಾಯಿಗಳು ಎದ್ದು ನಿಂತು, ಇಳಿದವರನ್ನೆಲ್ಲ ಒಮ್ಮೆ ಪರೀಕ್ಷಿಸಿ, ತಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತವೆ. ಇವು ಪೇಟೆಯ ನಾಯಿಗಳಂತೆ ಅಂಜಿ ಅಂಜಿ ಬರುವವಲ್ಲ. ನಾವು ಪುಟಾಣಿ ರೈಲು ಹತ್ತದೆ ನಡೆದು ಹೊರಟರೆ ಮುಂದೆ ಮುಂದೆ ಹೋಗುತ್ತವೆ; ನಿಂತರೆ ತಾವೂ ನಿಂತು, ಸಮುದ್ರ ನೋಡುವವರಂತೆ ಮುಖ ಬೇರೆ ಕಡೆ ತಿರುಗಿಸುತ್ತವೆ.

2012ರಲ್ಲಿ ನನ್ನ ಅಕ್ಕನ ಮಗ, ಆಗ ಒಂಬತ್ತು ವರ್ಷದವನು, ಧಾರವಾಡದಿಂದ ಬಂದಿದ್ದಾಗ ಹೀಗೇ ಒಂದು ಕಂದು ನಾಯಿ ನಮ್ಮ ಜೊತೆಯಾಗಿತ್ತು. ಹುಡುಗ ಅದಕ್ಕೆ ರಾಜಾ ಎಂದು ನಾಮಕರಣ ಮಾಡಿದ್ದ. ಸಂಜೆ ಲಾಂಚು ಬಿಟ್ಟಾಗ ಅದು ಧಕ್ಕೆಯ ತುದಿಯವರೆಗೆ ಬಂದು ನಿಂತಿತು; ಗೇಟ್‌ವೇ ಬರುವವರೆಗೂ ಹುಡುಗ ಮಾತಾಡಲಿಲ್ಲ. 2025ರ ಜನವರಿಯ ಒಂದು ಭಾನುವಾರ ಅದೇ ಹುಡುಗನೊಂದಿಗೆ ಮತ್ತೆ ಹೋದೆ. ಅವನಿಗೀಗ ಮೀಸೆ ಬಂದಿದೆ, ಕೆಲಸವೂ ಸಿಕ್ಕಿದೆ. ಇಳಿದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ, "ಮಾಮಾ, ಎರಡ ನಾಯಿ ನಮ್ಮ ಬೆನ್ನ ಹತ್ಯಾವ ನೋಡ್ರಿ" ಎಂದ. ಒಂದು ಕಪ್ಪು, ಒಂದು ಬಿಳಿಯ ಮೇಲೆ ಕಂದು. ನೂರಿಪ್ಪತ್ತು ಮೆಟ್ಟಿಲುಗಳ ನಡುವೆಲ್ಲೋ ಕಪ್ಪು ನಾಯಿ ತಟ್ಟನೆ ಕುಳಿತುಬಿಟ್ಟಿತು. ಮೇಲಿನ ಅಂಗಡಿಯ ಬುಡದಲ್ಲಿ ಬೇರೊಂದು ನಾಯಿ ತಲೆಯೆತ್ತಿ ನೋಡುತ್ತಿತ್ತು. ಅಲ್ಲಿಂದ ಮೇಲೆ ಅದರ ಸರಹದ್ದು. ಚುಕ್ಕೆಯ ನಾಯಿ ಮಾತ್ರ, ಅದಕ್ಕೇನು ಪರವಾನಗಿ ಇತ್ತೋ, ನಮ್ಮ ಜೊತೆ ಗುಹೆಯ ಬಾಗಿಲವರೆಗೂ ಬಂತು, ಆಮೇಲೆ ತೋಪುಗಳಿರುವ ಗುಡ್ಡಕ್ಕೂ ಬಂತು. ಅಲ್ಲಿ ಹಳೆಯ ತೋಪಿನ ನೆರಳಿನಲ್ಲಿ ಮಲಗಿ, ನಾವು ಕೆಳಗಿನ ಕಡಲನ್ನೂ ಹಡಗುಗಳನ್ನೂ ಕಣ್ತುಂಬ ನೋಡಿ ಮುಗಿಸುವವರೆಗೆ ಕಾಯಿತು.

ದಿನವಿಡೀ ನಮ್ಮೊಡನೆ ನಡೆದ ಈ ಜೀವಕ್ಕೆ ನಾವು ಏನು ಕೊಡಬೇಕು? ಏನಾದರೂ ಕೊಡಬೇಕಾದದ್ದು ಇದೆಯೇ? ನಮ್ಮ ಜೊತೆಗೆ ಬಂದಿದ್ದ ಇಬ್ಬರು ಗೆಳೆಯರಲ್ಲಿ ಇದೇ ಚರ್ಚೆ ಹತ್ತಿಕೊಂಡಿತು. ಒಬ್ಬರು ಎರಡು ಬಿಸ್ಕತ್ತಿನ ಪುಡಿಕೆ ತಂದಿದ್ದರು. ಮತ್ತೊಬ್ಬರು, ಹೀಗೆ ರೂಢಿ ಮಾಡುವುದೇ ಹಿಂಸೆ, ನಾಳೆ ಅವು ಯಾರದೋ ಮಗುವಿನ ಕೈಗೆ ಬಾಯಿ ಹಾಕಿದರೆ ಯಾರು ಹೊಣೆ ಎಂದರು. ಇಬ್ಬರೂ ಓದಿದವರಾದ್ದರಿಂದ ವಾದ ಬಿಸಿಯಾಯಿತು. ಅದನ್ನು ನಿಲ್ಲಿಸಿದವಳು ಮೆಟ್ಟಿಲ ಪಕ್ಕದಲ್ಲಿ ಸೌತೆಕಾಯಿ, ನೆಲ್ಲಿಕಾಯಿ ಹಚ್ಚಿ ಮಾರುತ್ತಿದ್ದ ಒಬ್ಬ ಮುದುಕಿ. ನಮ್ಮ ಮಾತು ಅವಳಿಗೆ ತಿಳಿಯಲಿಲ್ಲ, ಬಿಸ್ಕತ್ತು ತಿಳಿಯಿತು. ಮರಾಠಿಯಲ್ಲಿ ಹೇಳಿದಳು: "ಇವತ್ತು ಹಾಕಬೇಡಪ್ಪಾ, ಇವತ್ತು ಎಲ್ಲರೂ ಹಾಕುತ್ತಾರೆ, ಉಂಡದ್ದನ್ನು ಕಾರಿಕೊಳ್ಳುತ್ತವೆ. ನನ್ನ ಹತ್ತಿರ ಕೊಟ್ಟು ಹೋಗು. ನಾಳೆ ಸೋಮವಾರ."

ಸೋಮವಾರ ಗುಹೆಗಳಿಗೆ ರಜೆ. ನನಗೆ ಅದು ಬರೀ ಪ್ರವಾಸಿಗರ ಕೈಪಿಡಿಯ ಒಂದು ಸಾಲಾಗಿತ್ತು. ಅವಳಿಗೆ ಅದು ಅಂಗಡಿ ತೆರೆಯದ ದಿನ, ನಾಯಿಗಳಿಗೆ ಧಕ್ಕೆಗೆ ಹೋಗಿ ಬರಿಗೈಯಲ್ಲಿ ತಿರುಗುವ ದಿನ. ಮಳೆಗಾಲದಲ್ಲಿ ಕಡಲು ಕೆರಳಿ ಲಾಂಚುಗಳು ನಿಂತಾಗ ಎಷ್ಟೋ ಸೋಮವಾರಗಳು ಒಟ್ಟಿಗೇ ಬರುತ್ತವೆ. ಆಗ ಅವು ಏನು ತಿನ್ನುತ್ತವೆ ಎಂದು ಕೇಳಿದೆವು. "ನಾವು ತಿಂದದ್ದು" ಎಂದಳು. ನಮ್ಮ ಹುಡುಗ ಹಳೆಯ ಕಂದು ನಾಯಿಯ ಗುರುತು ಹೇಳಿ ರಾಜಾನನ್ನು ವಿಚಾರಿಸಿದ. ಅವಳು ಬಹಳ ಹೊತ್ತು ಯೋಚಿಸಿ, ಹಾಗಿದ್ದದ್ದು ಒಂದೇ, ಅದು ಹೆಣ್ಣು, ಅದರ ಹೆಸರು ಚಿಂಗಿ, ಮೂರು ಸೂಲು ಹಾಕಿ ತನ್ನ ಮನೆಯ ಹಿಂದೆಯೇ ಸತ್ತಿತು ಎಂದಳು. ಹುಡುಗ ನಕ್ಕ, ಸ್ವಲ್ಪ ಹೊತ್ತಿಗೆ ನಗು ನಿಲ್ಲಿಸಿದ.

ನಾಯಿಯ ಮಾತು ಬಂದಾಗ ನಮ್ಮವರಿಗೆ ಮಹಾಪ್ರಸ್ಥಾನದ ನೆನಪಾಗದೆ ಇರದು. ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನೊಡನೆ ಉಳಿದದ್ದು ಒಂದು ನಾಯಿ. ಅವನು ಅದನ್ನು ಕರೆದಿರಲಿಲ್ಲ. ಅದು ತಾನಾಗಿ ಬಂದಿತ್ತು. ಇಂದ್ರ ರಥ ತಂದು, ನಾಯಿಯನ್ನು ಬಿಟ್ಟು ಹತ್ತು ಎಂದಾಗ ಅವನು ಒಪ್ಪುವುದಿಲ್ಲ. ಇಂದ್ರ ಜಾಣ, ಹೆಂಡತಿಯನ್ನೂ ತಮ್ಮಂದಿರನ್ನೂ ಬಿಟ್ಟು ಬಂದವನಿಗೆ ಈ ನಾಯಿಯನ್ನು ಬಿಡಲು ಏನು ಅಡ್ಡಿ ಎಂದು ಕೇಳುತ್ತಾನೆ. ಅದಕ್ಕೆ ಧರ್ಮರಾಯ ಕೊಡುವ ಉತ್ತರ ಆ ಪರ್ವದ ತಿರುಳೆಂದು ನನಗೆ ತೋರುತ್ತದೆ: ಸತ್ತವರೊಡನೆ ಸಂಧಿಯೂ ಇಲ್ಲ, ವಿಗ್ರಹವೂ ಇಲ್ಲ, ಅವರನ್ನು ಬದುಕಿಸಲಾರೆ, ಬದುಕಿದ್ದಾಗ ನಾನವರನ್ನು ಬಿಟ್ಟಿಲ್ಲ, ಇದಾದರೋ ಬದುಕಿದೆ, ನನ್ನನ್ನು ನಂಬಿದೆ.

ಈ ಕಥೆಯನ್ನು ಹಿಡಿದು, ಧಕ್ಕೆಯಲ್ಲಿ ನಾಯಿಯನ್ನು ಬಿಟ್ಟು ಲಾಂಚು ಹತ್ತುವವರೆಲ್ಲ ಪಾಪಿಗಳೆಂದು ತೀರ್ಪು ಕೊಡುವುದು ಸುಲಭ. ಆದರೆ ಒಂದು ಅಂತರವಿದೆ. ಧರ್ಮರಾಯ ಹಿಂದಿರುಗುವವನಲ್ಲ. ಅರಮನೆ, ರಾಜ್ಯ, ನಾಳೆ ಎಂಬುದು ಯಾವುದೂ ಅವನಿಗೆ ಉಳಿದಿರಲಿಲ್ಲ. ಆದ್ದರಿಂದ ರಥ ಬೇಡವೆಂದು ಅಲ್ಲೇ ನಿಂತುಬಿಡಬಲ್ಲ. ನಮ್ಮ ಕಿಸೆಯಲ್ಲಿ ರಿಟರ್ನ್ ಟಿಕೆಟು ಇರುತ್ತದೆ. ಸಂಜೆಯ ಕೊನೆಯ ಲಾಂಚು ಬೇಡವೆನ್ನುವ ಸ್ವಾತಂತ್ರ್ಯ ನಮಗಿಲ್ಲ. ಅವನ ಧರ್ಮವನ್ನು ನಮ್ಮ ಮೈಗೆ ತೊಡಿಸಿಕೊಂಡರೆ ಅದು ದೊಗಲೆಯಾಗುತ್ತದೆ. ಟಿಕೆಟು ಕಿಸೆಯಲ್ಲಿದ್ದವನಿಗೆ ಸಲ್ಲುವ ಧರ್ಮ ಯಾವುದು ಎಂಬುದೇ ಪ್ರಶ್ನೆ.

ಕೊಂಡೊಯ್ಯುವುದೇ ಪ್ರೀತಿಗೆ ಪ್ರಮಾಣ ಎನ್ನುವವರಿದ್ದಾರೆ. ಮರಿಯೊಂದನ್ನು ಚೀಲದಲ್ಲಿ ಹಾಕಿಕೊಂಡು ಬರುವ ಆಸೆ ಎಷ್ಟು ಮಕ್ಕಳಿಗಾಗಿಲ್ಲ? ಘಾರಾಪುರಿಯಿಂದ ಪ್ರೀತಿಪೂರ್ವಕವಾಗಿ ಕೊಂಡೊಯ್ದ ವಸ್ತುಗಳ ಗತಿಯನ್ನು ನೋಡಿ. ಗುಹೆಯ ಬಳಿ ಇದ್ದ ಶಾಸನದ ಕಲ್ಲನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ತಮ್ಮ ದೇಶಕ್ಕೆ ಕಳಿಸಿದರು, ಅದು ಕಳೆದುಹೋಯಿತು. ಈ ಅದ್ಭುತವನ್ನು ಕಡೆಯಿಸಿದವರು ಕಲಚುರಿಗಳೋ ಮತ್ತಾರೋ ಎಂಬ ವಾದ ಅದರಿಂದಾಗಿಯೇ ಇನ್ನೂ ಉಳಿದುಕೊಂಡಿದೆ. ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರು ಬರಲು ಕಾರಣವಾದ ಕಲ್ಲಾನೆಯನ್ನು 1860ರ ದಶಕದಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಕ್ರೇನು ಮುರಿದು ಆನೆ ಚೂರಾಯಿತು. ಆ ಚೂರುಗಳನ್ನು 1914ರಲ್ಲಿ ಜೋಡಿಸಿದರು. ಆನೆ ಈಗ ಭಾಯಖಳಾದ ರಾಣಿಬಾಗಿನಲ್ಲಿ, ಭಾವೂ ದಾಜಿ ಲಾಡ್ ವಸ್ತುಸಂಗ್ರಹಾಲಯದ ಬಳಿ ನಿಂತಿದೆ. ಕೊಂಡೊಯ್ದವರು ದ್ವೇಷಿಗಳಲ್ಲ, ಮೆಚ್ಚಿದವರು.

ಪೇಟೆಯ ನಾಯಿಗಳ ವಿಷಯದಲ್ಲಿಯೂ ನಾವು ಹೋಗಿಬರುವವರಂತೆಯೇ ನಡೆದುಕೊಳ್ಳುತ್ತೇವೆ ಎಂದರೆ ಕೋಪ ಬಂದೀತು. ಮುಂಬಯಿಗೆ ಈ ಜಗಳ ಹೊಸದಲ್ಲ. 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವ ಸರಕಾರಿ ಕಾರ್ಯಕ್ರಮದ ವಿರುದ್ಧ ಕೋಟೆ ಪ್ರದೇಶದ ಪಾರಸಿಗಳು ಅಂಗಡಿ ಮುಚ್ಚಿ ಬೀದಿಗಿಳಿದಿದ್ದರು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದಿಲ್ಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿಡಬೇಕೆಂದಾಗ ದೇಶವೇ ಎರಡು ಪಂಗಡವಾಯಿತು. 22ರಂದು ಅದನ್ನು ತಿದ್ದಿ, ಸಂತಾನಹರಣ ಮಾಡಿ, ರೇಬಿಸ್ ಲಸಿಕೆ ಹಾಕಿ, ರೋಗದ ಅಥವಾ ಕಚ್ಚುವ ನಾಯಿಗಳನ್ನುಳಿದು ಮಿಕ್ಕವನ್ನು ಹಿಡಿದ ಜಾಗದಲ್ಲೇ ಬಿಡಬೇಕೆಂದಿತು. ಆ ದಿನಗಳಲ್ಲಿ ನಮ್ಮ ಕಟ್ಟಡದಲ್ಲಿ ಜೋರಾಗಿ ಮಾತನಾಡಿದ ಎರಡು ಪಂಗಡದವರೂ ಹದಿನಾಲ್ಕನೆಯ ಮಹಡಿಯವರು. ಒಬ್ಬರು ಕಾರಿನ ಕಿಟಕಿಯಿಂದ ಬ್ರೆಡ್ಡು ಎಸೆಯುವವರು. ಮತ್ತೊಬ್ಬರು ಕಾರಿನ ಕಿಟಕಿಯಿಂದ ಬೈಯುವವರು. ರಾತ್ರಿ ಎರಡಕ್ಕೆ ಕಾವಲಿನ ಪಾಳಿ ಮುಗಿಸಿ ನಡೆದು ಹೋಗುವವನನ್ನು, ನಾಯಿ ಕಚ್ಚಿದರೆ ಸೂಜಿಮದ್ದಿಗೆ ದಿನದ ಕೂಲಿ ಕಳೆದುಕೊಂಡು ಸರತಿಯಲ್ಲಿ ನಿಲ್ಲಬೇಕಾದವಳನ್ನು, ಯಾರೂ ಕೇಳಲಿಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡಿತೆಂದರೆ ಬದುಕಿ ಉಳಿಯುವುದು ಇಲ್ಲವೇ ಇಲ್ಲ ಎನ್ನಬಹುದು. ಆದ್ದರಿಂದ ಅವರ ಭಯ ಕರುಣೆಯ ಕೊರತೆಯಲ್ಲ. ಅದೇ ಕಾವಲುಗಾರ ತನ್ನ ಡಬ್ಬಿಯ ಅರ್ಧ ರೊಟ್ಟಿಯನ್ನು ಗೇಟಿನ ನಾಯಿಗೆ ಹಾಕುವುದನ್ನೂ ನಾನು ಕಂಡಿದ್ದೇನೆ. ಅವನಿಗೆ ಆ ನಾಯಿಯ ಸೋಮವಾರ ಗೊತ್ತು.

ಇದು ಅತಿಯಾಯಿತು, ನಾಯಿಗೆ ಬಿಸ್ಕತ್ತು ಸಿಕ್ಕಿತು, ಮನುಷ್ಯನಿಗೆ ಸಂತೋಷ ಸಿಕ್ಕಿತು, ಕಳೆದುಕೊಂಡವರಾರು ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಒಂದು ಹಗಲಿನ ಪ್ರೀತಿ ಸುಳ್ಳೆಂದು ನಾನು ಹೇಳುವುದಿಲ್ಲ. ತೋಪಿನ ನೆರಳಲ್ಲಿ ಮಲಗಿದ್ದ ಆ ನಾಯಿಯೂ ನಾವೂ ಆ ಹೊತ್ತಿಗೆ ಒಬ್ಬರಿಗೊಬ್ಬರು ನಿಜವಾಗಿಯೇ ಜೊತೆಯಾಗಿದ್ದೆವು. ತಕರಾರು ಇರುವುದು, ಹಗಲಿನ ಪ್ರೀತಿ ಯಜಮಾನಿಕೆಗೆ ಹೊರಟಾಗ. ಹೆಸರಿಡುವವರು ನಾವು, ಉಣ್ಣಿಸುವ ಸಂತೋಷ ನಮ್ಮದು, ಚಿತ್ರ ತೆಗೆಯುವವರು ನಾವು. ಇಲ್ಲಿನವರು ನಾಯಿಗಳನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂದು ಲಾಂಚಿನಲ್ಲಿ ಕುಳಿತು ಷರಾ ಬರೆಯುವವರೂ ನಾವೇ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಮಾತು ನಾಯಿಯ ಬಳಿ ನಿಲ್ಲುವುದಿಲ್ಲ. ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ, ನಾವು ಊರಿಗೆ ಹೋಗುತ್ತೇವೆ. ಹೋಗುವಾಗ ಸೀರೆ, ಹಣ್ಣು, ಔಷಧಿ ಒಯ್ಯುತ್ತೇವೆ. ಹತ್ತು ದಿನ ತಾಯಿಯ ಕಾಲೊತ್ತುತ್ತೇವೆ, ಅವಳ ಮುಖ ಅರಳುತ್ತದೆ, ಅದು ಸುಳ್ಳಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ, ಉಳಿದ ಮುನ್ನೂರೈವತ್ತು ದಿನ ಅವಳ ಬಚ್ಚಲ ನೀರು ಕಾಯಿಸುವ ಅತ್ತಿಗೆಗೆ, ಹೀಗೆ ಮಾಡಬಾರದಿತ್ತೇ, ಹಾಗೆ ಮಾಡಬಾರದಿತ್ತೇ ಎಂದು ಉಪದೇಶ ಮಾಡಿ ಬಸ್ಸು ಹತ್ತುವವರು ನಮ್ಮ ಸಂಘದ ಸದಸ್ಯರಲ್ಲಿ ಯಾರೂ ಇಲ್ಲವೆಂದು ಎದೆ ಮುಟ್ಟಿ ಹೇಳಲಾದೀತೇ? ಮನೆಯಿಂದ ಹೊರಡುವಾಗ ನಮ್ಮಲ್ಲಿ ಹೋಗುತ್ತೇನೆ ಎನ್ನುವ ಪದ್ಧತಿಯಿಲ್ಲ, ಹೋಗಿಬರುತ್ತೇನೆ ಎನ್ನುತ್ತೇವೆ. ಆ 'ಬರುತ್ತೇನೆ'ಯನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಬಂದಾಗ, ಇಲ್ಲಿ ಇದ್ದವರನ್ನು ಏನು ಬೇಕೆಂದು ಕೇಳುವುದು ಅದಕ್ಕಿಂತ ಕಷ್ಟದ್ದು.

ಬಿಸ್ಕತ್ತಿನ ಗೆಳೆಯರು ಎರಡೂ ಪುಡಿಕೆಗಳನ್ನು ಮುದುಕಿಯ ಕೈಗೆ ಕೊಟ್ಟರು. ಬೇರೇನಾದರೂ ಬೇಕೇ ಎಂದದ್ದಕ್ಕೆ, ಮುಂದಿನ ಸಲ ಬಂದರೆ ಅಗಲ ಬಾಯಿಯ ಒಂದು ಮಣ್ಣಿನ ಬಾನಿ ತನ್ನಿ, ಬೇಸಗೆಯಲ್ಲಿ ನೀರಿಡಲಿಕ್ಕೆ, ಪ್ಲಾಸ್ಟಿಕ್ಕಿನದನ್ನು ಮಂಗಗಳು ಹೊತ್ತುಕೊಂಡು ಹೋಗುತ್ತವೆ ಎಂದಳು.

ಸಂಜೆ ಧಕ್ಕೆಗೆ ಇಳಿದಾಗ ಚುಕ್ಕೆಯ ನಾಯಿ ನಮ್ಮನ್ನು ಬೀಳ್ಕೊಡಲು ಬರಲಿಲ್ಲ. ದಾರಿಯಲ್ಲೇ ಬೇರೆ ಯಾರದೋ ಗುಂಪಿನೊಡನೆ ತಿರುಗಿಕೊಂಡಿತ್ತು. ನಮ್ಮ ಹುಡುಗನಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ. "ನಮ್ಮ ಪುಣೆ ಕಾಕಾ ಬಂದಾಗ ಓಣಿ ನಾಯಿಗೆ ದಿನಾ ಪೇಡೆ ಹಾಕ್ತಾರ, ಮಾಮಾ. ಅವರು ಹೋದಮ್ಯಾಲೆ ಎಂಟ ದಿನ ಅದು ನಾವು ಹಾಕಿದ ರೊಟ್ಟಿ ಮೂಸಿ ಸುದ್ದಾ ನೋಡಂಗಿಲ್ಲ" ಎಂದ.

"ಎಂಟು ದಿನ ಆದಮೇಲೆ?" ಎಂದೆ.

"ತಿಂತದ ಮತ್ತ. ನಾವು ಅಲ್ಲೇ ಇರ್ತೀವಲ್ಲ."