ದಾರಿ ಕಾಯುವವನ ಹಕ್ಕು

2016ರ ಫೆಬ್ರವರಿಯ ಒಂದು ಸಂಜೆ. ನಮ್ಮ ಬೀದಿಯ ರೀಚಾರ್ಜ್ ಅಂಗಡಿಯ ಹುಡುಗ ಪೇಪರು ಮಡಚಿಟ್ಟು ಕೇಳಿದ: “ಭಾಯಿ, ಯಾರೋ ಬಡವರಿಗೆ ಪುಕ್ಕಟೆ ಇಂಟರ್ನೆಟ್ ಕೊಡ್ತೀನಿ ಅಂದ್ರೆ ಸರ್ಕಾರ ಬೇಡ ಅಂತದೆ. ಇದ್ಯಾವ ನ್ಯಾಯ?” ಆಗ ನಾನು ಏನೋ ಹೇಳಿ ತಪ್ಪಿಸಿಕೊಂಡೆ. ಪ್ರಶ್ನೆ ಮಾತ್ರ ನನ್ನ ಬೆನ್ನು ಬಿಡಲಿಲ್ಲ.

ಅವನು ಕೇಳಿದ್ದು ಫೇಸ್‌ಬುಕ್ ಕಂಪೆನಿಯ ‘ಫ್ರೀ ಬೇಸಿಕ್ಸ್’ ಬಗ್ಗೆ. 2015ರಲ್ಲಿ ಅದು ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ ಈ ಯೋಜನೆಯನ್ನು ಇಲ್ಲಿಗೆ ತಂದಿತ್ತು. ಆಯ್ದ ಕೆಲವು ತಾಣಗಳನ್ನು ದುಡ್ಡಿಲ್ಲದೆ ನೋಡಬಹುದು. ಉಳಿದದ್ದಕ್ಕೆ ದುಡ್ಡು ಕೊಡಬೇಕು. 2016ರ ಫೆಬ್ರವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಇಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ಮೀರಿದ ಕಂಪೆನಿಗೆ ದಿನಕ್ಕೆ 50 ಸಾವಿರ ರೂಪಾಯಿ, ಗರಿಷ್ಠ 50 ಲಕ್ಷ ದಂಡ. ಕೆಲವೇ ದಿನಗಳಲ್ಲಿ ಯೋಜನೆ ಇಲ್ಲಿಂದ ಕಾಲ್ತೆಗೆಯಿತು.

ಹುಡುಗನ ಪ್ರಶ್ನೆ ಹಗುರವಾದುದಲ್ಲ. ಹೊಟ್ಟೆ ತುಂಬಿದವರು ತತ್ವದ ಹೆಸರಿನಲ್ಲಿ ಹಸಿದವನ ತಟ್ಟೆ ಕಸಿದುಕೊಳ್ಳಬಹುದೇ?

ಬೇಸಿಗೆಯಲ್ಲಿ ಅರವಟ್ಟಿಗೆ ಇಡುವುದು ನಮ್ಮ ನಾಡಿನ ಹಳೆಯ ರೂಢಿ. ನೀರು ಕೊಡುವವನು ದಾರಿಹೋಕನನ್ನು ‘ಯಾವ ಕಡೆ ಹೊರಟೆಯಪ್ಪಾ?’ ಎಂದು ವಿಚಾರಿಸಿಯಾನು. ಆದರೆ ‘ನಾನು ತೋರಿಸಿದ ಅಂಗಡಿಗೆ ಹೋಗುವವರಿಗೆ ಮಾತ್ರ ನೀರು’ ಎಂದ ದಿನ ಅದು ಅರವಟ್ಟಿಗೆಯಾಗಿ ಉಳಿಯುವುದಿಲ್ಲ, ವ್ಯಾಪಾರವಾಗುತ್ತದೆ. ಷರತ್ತು ಪೂರೈಸಿದ ಯಾವ ತಾಣವಾದರೂ ಸೇರಬಹುದು ಎಂದು ಕಂಪೆನಿ ಹೇಳುತ್ತಿತ್ತು, ನಿಜ. ಷರತ್ತು ಬರೆಯುತ್ತಿದ್ದವರು ಅವರೇ ಅಲ್ಲವೇ? ಬಡವನಿಗೆ ಕೊಟ್ಟದ್ದು ಕಡಿಮೆಯಾಯಿತು ಎಂಬುದು ಇಲ್ಲಿನ ದೋಷವಲ್ಲ. ಅವನು ಏನು ನೋಡಬೇಕೆಂಬುದನ್ನು ಬೇರೆಯವರು ನಿರ್ಧರಿಸಿದ್ದು ದೋಷ. ಹೀಗಾಗಿ ಟ್ರಾಯ್ ಮಾಡಿದ್ದು ಸರಿ ಎಂದೇ ನನ್ನ ತೀರ್ಮಾನ. ದಾರಿ ಕಾಯುವವನಿಗೆ, ಹೋಗುವವನ ಊರನ್ನು ಆರಿಸುವ ಹಕ್ಕಿಲ್ಲ.

ಆದರೆ ಈ ಮಾತು ಕಂಪೆನಿಗೆ ಮಾತ್ರ ಅನ್ವಯಿಸುತ್ತದೆಯೇ?

ಇಂಟರ್ನೆಟ್ಟನ್ನೇ ನಿಲ್ಲಿಸುವ ಅಧಿಕಾರವನ್ನು ಸರ್ಕಾರ ತನ್ನ ಕೈಯಲ್ಲಿ ಇಟ್ಟುಕೊಂಡಿದೆ. ಅದಕ್ಕೆ 2017ರಲ್ಲಿ ನಿಯಮಗಳು ಬಂದವು. 2023ರ ದೂರಸಂಪರ್ಕ ಕಾಯ್ದೆಯಲ್ಲೂ ಅಧಿಕಾರ ಉಳಿದಿದೆ. 2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ಇಂಟರ್ನೆಟ್ ನಿಂತಿತು. 2020ರ ಆರಂಭದಲ್ಲಿ ತೆವಳುವ 2ಜಿ ಬಂತು. ಕೊರೋನಾ ಕಾಲದಲ್ಲಿ ಅಲ್ಲಿನ ಮಕ್ಕಳು ಅದರಲ್ಲೇ ಪಾಠ ಕೇಳಬೇಕಾಯಿತು. 4ಜಿ ಮರಳಿದ್ದು 2021ರ ಫೆಬ್ರವರಿಯಲ್ಲಿ, ಹದಿನೆಂಟು ತಿಂಗಳ ನಂತರ.

ಸರ್ಕಾರದ ಕಡೆಗೂ ಒಂದು ವಾದವಿದೆ. 2018ರ ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ವದಂತಿಗೆ ಜೀವ ತೆಗೆಯುವ ಶಕ್ತಿಯಿದೆ. ಆದರೆ ನೆಟ್ ನಿಂತಾಗ ಸುಳ್ಳಿನ ಜೊತೆಗೆ, ‘ಅದು ಸುಳ್ಳು’ ಎನ್ನುವವನ ದನಿಯೂ ನಿಲ್ಲುತ್ತದೆ. ‘ನಾನು ಕ್ಷೇಮ’ ಎಂದು ತಾಯಿಗೆ ತಿಳಿಸುವ ಮಗನ ದನಿಯೂ ನಿಲ್ಲುತ್ತದೆ. ಒಬ್ಬ ಕಳ್ಳನಿಗಾಗಿ ಊರಿಗೆಲ್ಲ ಬೀಗ ಜಡಿದರೆ ಅದನ್ನು ಕಾವಲು ಎನ್ನಲಾದೀತೇ? 2020ರ ಜನವರಿ 10ರಂದು ಸುಪ್ರೀಂ ಕೋರ್ಟು ಹೇಳಿದ್ದೂ ಇಷ್ಟೇ: ಅನಿರ್ದಿಷ್ಟ ಕಾಲ ಇಂಟರ್ನೆಟ್ ನಿಲ್ಲಿಸುವಂತಿಲ್ಲ, ಕ್ರಮ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು, ಆದೇಶವನ್ನು ಪ್ರಕಟಿಸಬೇಕು.

ಇಷ್ಟು ಬರೆದ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ದರದ ಪ್ರಶ್ನೆ ಬಂದಾಗ, 2015ರ ಏಪ್ರಿಲ್‌ನಲ್ಲಿ, ಹತ್ತು ಲಕ್ಷಕ್ಕೂ ಮಿಕ್ಕಿ ಇ-ಮೇಲ್‌ಗಳು ಟ್ರಾಯ್‌ಗೆ ಹೋದವು. ಗೆಳೆಯರ ಒತ್ತಾಯಕ್ಕೆ ಅದರಲ್ಲಿ ನನ್ನದೂ ಒಂದಿತ್ತು. ಕಾಶ್ಮೀರದ ನೆಟ್ ಹದಿನೆಂಟು ತಿಂಗಳು ಕುಂಟಿದಾಗ ನಾನು ಒಂದು ಕಾರ್ಡನ್ನೂ ಬರೆಯಲಿಲ್ಲ. ನನ್ನ ಜೇಬಿಗೆ ಕೈ ಬಂದಾಗ ತತ್ವ ನೆನಪಾಗಿತ್ತು. ಇನ್ನೊಬ್ಬನ ಬಾಯಿ ಮುಚ್ಚಿದಾಗ ಮರೆತುಹೋಯಿತು.

ಆ ಹುಡುಗ ಈಗಲೂ ಅದೇ ಅಂಗಡಿಯಲ್ಲಿದ್ದಾನೆ. ಮೊನ್ನೆ ಅವನಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, “ಹಾಗಾದ್ರೆ ಕಂಪೆನಿಯನ್ನ ಸರ್ಕಾರ ತಡೀತು. ಸರ್ಕಾರವನ್ನ ಯಾರು ತಡೀಬೇಕು ಭಾಯಿ?” ಎಂದ.

ಈ ಸಲ ಉತ್ತರ ಗೊತ್ತಿತ್ತು. ಹೇಳಲು ನಾಚಿಕೆಯಾಯಿತು.