ಗಾಡಿ ಮ್ಯಾಲಿದ್ದೀಯೇನು?

ಕಬ್ಬಿನ ಹಂಗಾಮು ಸುರುವಾಯಿತೆಂದರೆ ಹುನ್ನೂರ ರಸ್ತೆಗೆ ಹಗಲು ಬೇರೆ, ರಾತ್ರಿ ಬೇರೆ ಎಂಬುದು ಉಳಿಯುವುದಿಲ್ಲ. ಜೋಡಿ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಬರುತ್ತವೆ. ಜಮಖಂಡಿ, ಮುಧೋಳ ಸೀಮೆಯಲ್ಲಿ ಯಾವ ದಿಕ್ಕಿಗೆ ಹೊರಟರೂ ಒಂದು ಸಕ್ಕರೆ ಕಾರ್ಖಾನೆ ಸಿಗುತ್ತದೆ. ಸಿದ್ದಾಪುರ, ಹಿರೇಪಡಸಲಗಿ, ಸಮೀರವಾಡಿ ಎಂದು ಗಾಡಿಗಳು ಹರಿದು ಹಂಚಿಹೋಗುತ್ತವೆ. ಒಂದೊಂದರ ಮೇಲೂ ಇಪ್ಪತ್ತು ಟನ್ನಿನ ಆಸುಪಾಸಿನ ಭಾರ. ಕಬ್ಬು ಟ್ರೇಲರಿನ ಎರಡೂ ಬದಿಗೆ ಹೊರಚಾಚಿರುತ್ತದೆ. ಟೇಪಿನ ಹಾಡು ಗಾಡಿಗಿಂತ ಮೊದಲೇ ನಮ್ಮನ್ನು ಮುಟ್ಟುತ್ತದೆ. ಸೀಟಿನ ಮೇಲೆ ಕೂತ ಹುಡುಗನ ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದು ಕೈ ಕಿವಿಯ ಹತ್ತಿರ. ಈ ನೋಟ ಈಗ ಯಾರಿಗೂ ವಿಶೇಷವೆನಿಸುವುದಿಲ್ಲ. ವಿಶೇಷವೆನಿಸುತ್ತಿಲ್ಲವಲ್ಲ ಎಂಬುದೇ ನನಗೆ ಸಂಕಟ.

ಬೈಕಿನವರದು ಇನ್ನೊಂದು ರೀತಿ. ತಲೆಗೆ ಸುತ್ತಿದ ಟಾವೆಲಿನೊಳಗೆ ಫೋನು ಸಿಕ್ಕಿಸಿಕೊಂಡು ಎರಡೂ ಕೈ ಖಾಲಿ ಇವೆಯೆಂದು ನಿಶ್ಚಿಂತೆಯಿಂದ ಮಾತಾಡುತ್ತ ಹೋಗುವವರಿದ್ದಾರೆ. ಕುತ್ತಿಗೆ ವಾರೆ ಮಾಡಿ ಹೆಗಲಿಗೂ ಕಿವಿಗೂ ನಡುವೆ ಒತ್ತಿ ಹಿಡಿದವರಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿ ಕೂತಿರುವುದು ಹಿಂದೆ ಕೂತ ಹೆಂಡತಿ ಮುಂದೆ ಬಾಗಿ ಗಂಡನ ಕಿವಿಗೆ ಫೋನು ಹಿಡಿದುಕೊಂಡು ಹೋಗುವ ನೋಟ. ನಡುವೆ ಒಂದು ಕೂಸು, ಟ್ಯಾಂಕಿನ ಮೇಲೆ ಇನ್ನೊಂದು. ಆಕೆ ಮಾಡುತ್ತಿರುವುದು ಪ್ರೀತಿಯ ಕೆಲಸವೇ. ಗಂಡನಿಗೆ ತ್ರಾಸಾಗಬಾರದು, ಫೋನು ಮಾಡಿದವರಿಗೆ ಬೇಸರವಾಗಬಾರದು. ಆದರೆ ಆ ಗಾಡಿಯ ಮೇಲಿನ ನಾಲ್ಕು ಜೀವಗಳಿಗೆ ಇದ್ದ ಒಂದೇ ಕಾವಲನ್ನು ಆಕೆ ತನ್ನ ಕೈಯಾರೆ ಇನ್ನೆಲ್ಲಿಗೋ ಕಳಿಸುತ್ತಿದ್ದಾಳೆ.

ಗಾಡಿ ಹೊಡೆಯುವವನನ್ನು ಬೈಯುವುದು ಸುಲಭ. ನಾವು ಅದನ್ನು ಮಾಡುತ್ತಲೇ ಬಂದಿದ್ದೇವೆ. ಹುಡುಗರಿಗೆ ಸೊಕ್ಕು, ಹದ್ದುಬಸ್ತು ಇಲ್ಲ, ರೀಲ್ಸಿನ ಹುಚ್ಚು ಎನ್ನುತ್ತೇವೆ. ಹುಚ್ಚು ಇರುವುದೂ ಖರೆ. ಆದರೆ ಒಂದು ಟ್ರಿಪ್ಪಿನ ದಾರಿಯಲ್ಲಿ ಅವನಿಗೆ ಯಾರು ಯಾರು ಫೋನು ಮಾಡುತ್ತಾರೆಂದು ಕೇಳಿ ನೋಡಿ. ಹೊಲದಿಂದ ಗ್ಯಾಂಗಿನ ಮುಕಾದಮ: ಖಾಲಿ ಗಾಡಿ ಯಾವಾಗ ಬರತೈತಿ? ಕಬ್ಬಿನ ಮಾಲೀಕ: ಕಾಟಾ ಆತೇನು, ಎಷ್ಟು ಟನ್ ಬಂತು? ಗಾಡಿಯ ಮಾಲೀಕ: ಎಲ್ಲಿದ್ದೀ, ಇಷ್ಟೊತ್ತು ಯಾಕ? ಯಾರ್ಡಿನಲ್ಲಿ ಪಾಳಿ ಹಚ್ಚಿ ನಿಂತ ಗೆಳೆಯ: ಲಗೂನ ಬಾ, ನಂಬರ್ ತಪ್ಪತೈತಿ. ಮನೆಯಿಂದ ಅವ್ವ: ಊಟ ಮಾಡಿದಿಯೇನಪಾ? ಇವರಲ್ಲಿ ಒಬ್ಬರೂ ಕೆಟ್ಟವರಲ್ಲ, ಇವುಗಳಲ್ಲಿ ಒಂದೂ ಕೆಟ್ಟ ಮಾತಲ್ಲ. ಅವನು ಎತ್ತದಿದ್ದರೆ ಮತ್ತೆ ಮಾಡುತ್ತಾರೆ. ಮತ್ತೂ ಎತ್ತದಿದ್ದರೆ ಸಿಟ್ಟಾಗುತ್ತಾರೆ, ಇಲ್ಲವೇ ಗಾಬರಿಯಾಗುತ್ತಾರೆ. ದುಡಿಮೆ ಕೊಡುವವನ ಫೋನು ಎತ್ತದಿರುವುದು ಉದ್ಧಟತನ, ಹಿರಿಯರ ಫೋನು ಎತ್ತದಿರುವುದು ಅಗೌರವ, ಹೆಂಡತಿಯ ಫೋನು ಎತ್ತದಿರುವುದು ಸಂಶಯಕ್ಕೆ ದಾರಿ. ಹೀಗೆ ಎಲ್ಲ ಕಡೆಯಿಂದ ಅವನಿಗೆ ಒಂದೇ ಪಾಠ ಕಲಿಸಿದ್ದೇವೆ: ಫೋನು ಬಂದರೆ ಎತ್ತಬೇಕು. ಅವನು ಎತ್ತುತ್ತಾನೆ.

ಆ ಹೊತ್ತಿನಲ್ಲಿ ರಸ್ತೆಯ ಮೇಲೆ ಏನಾಗುತ್ತದೆ ಎನ್ನುವುದಕ್ಕೆ ಸಾಲಿಯ ಗಣಿತ ಸಾಕು. ತಾಸಿಗೆ 60 ಕಿಲೋಮೀಟರ್ ಓಡುವ ಬೈಕು ಒಂದು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ದಾಟುತ್ತದೆ. ಬಂದ ಮೆಸೇಜಿನ ಮೇಲೆ ಐದು ಸೆಕೆಂಡು ಕಣ್ಣಿಟ್ಟರೆ 83 ಮೀಟರ್ ಕುರುಡು ದಾರಿ. ಅಷ್ಟರೊಳಗೆ ಬಸ್ಸಿನ ಹಿಂದಿನಿಂದ ಒಂದು ಮಗು ಓಡಿ ಬರಬಹುದು, ಅಡ್ಡದಾರಿಯಿಂದ ಎಮ್ಮೆ ನುಗ್ಗಬಹುದು, ಹಿಂದೆ ಒಂದು ಚೂರು ರಿಫ್ಲೆಕ್ಟರೂ ಇಲ್ಲದ ಕಬ್ಬಿನ ಎತ್ತಿನಗಾಡಿ ಕತ್ತಲಲ್ಲಿ ಎದುರಾಗಬಹುದು. ತುಂಬಿದ ಟ್ರ್ಯಾಕ್ಟರಿನ ಓಟ ಅದರ ಅರ್ಧದಷ್ಟಿರಬಹುದು. ಆದರೆ ಹಿಂದಿನ ಇಪ್ಪತ್ತು ಟನ್ನು ಮುಂದಿನವನ ಕಾಲು ಬ್ರೇಕಿಗೆ ಹೋದ ಕ್ಷಣಕ್ಕೇ ನಿಲ್ಲುವಂಥದ್ದಲ್ಲ.

ಕಣ್ಣು ರಸ್ತೆಯ ಮೇಲೇ ಇದ್ದರೆ ಸಾಕೆಂದು ಬಹಳ ಜನ ನಂಬಿದ್ದಾರೆ. ಇಯರ್‌ಫೋನ್ ಹಾಕಿಕೊಂಡಿದ್ದೇನೆ, ಬ್ಲೂಟೂತ್ ಇದೆ, ಕೈ ಖಾಲಿ ಇದೆ ಎನ್ನುತ್ತಾರೆ. ಅದು ಸಾಲದೆಂದು ಬಹಳ ಹಿಂದೆಯೇ ಗೊತ್ತಾಗಿದೆ. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಅದಾಗಿ ಎರಡು ವರ್ಷಕ್ಕೆ, ನಮ್ಮ ಕಡೆ ಆ ವಸ್ತುವನ್ನು ಕಣ್ಣಿನಿಂದ ಕಂಡವರೇ ವಿರಳವಾಗಿದ್ದಾಗ, ಕೆನಡಾದ ಟೊರಾಂಟೊದಲ್ಲಿ ರೆಡೆಲ್ಮೇಯರ್ ಮತ್ತು ಟಿಬ್ಶಿರಾನಿ ಎಂಬಿಬ್ಬರು ಅಪಘಾತಕ್ಕೀಡಾದ 699 ಚಾಲಕರ ಫೋನ್ ಬಿಲ್ಲುಗಳನ್ನು ತೆಗೆದು, ಅಪಘಾತದ ಹೊತ್ತಿಗೂ ಕರೆಯ ಹೊತ್ತಿಗೂ ತಾಳೆ ಹಾಕಿ ನೋಡಿದರು. ಫೋನಿನಲ್ಲಿದ್ದಾಗ ಅಪಘಾತದ ಅಪಾಯ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಕೈಯಲ್ಲಿ ಹಿಡಿಯದೆ ಮಾತಾಡುವ ಸಾಧನ ಇದ್ದವರಿಗೂ ಅದರಿಂದ ರಕ್ಷಣೆ ಸಿಕ್ಕಿದ್ದು ಕಾಣಲಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಜೊತೆಯವರು ಮುಂದೆ ಇದರ ಕಾರಣ ಹುಡುಕಿದರು. ಫೋನಿನಲ್ಲಿ ಮಾತಾಡುವವನ ಕಣ್ಣು ಎದುರಿನ ವಸ್ತುವಿನ ಮೇಲೆ ಬಿದ್ದಿರುತ್ತದೆ, ಆದರೆ ಮನಸ್ಸು ಅದನ್ನು ದಾಖಲಿಸಿಕೊಂಡಿರುವುದಿಲ್ಲ. ಅಂದರೆ ಅವನು ನೋಡುತ್ತಾನೆ, ಕಾಣುವುದಿಲ್ಲ.

ಹಾಗಾದರೆ ಪಕ್ಕದಲ್ಲಿ ಕೂತವರೊಡನೆ ಮಾತಾಡುವುದೂ ತಪ್ಪೇ ಎಂದು ಕೇಳಬಹುದು. ಅದೇ ಯೂಟಾದ ಅಧ್ಯಯನಗಳಲ್ಲಿ ಇದಕ್ಕೂ ಉತ್ತರವಿದೆ, ಮತ್ತು ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅಲ್ಲಿದೆ. ಪಕ್ಕದಲ್ಲಿದ್ದವನು ರಸ್ತೆ ನೋಡುತ್ತಿರುತ್ತಾನೆ. ಎದುರಿಗೆ ಲಾರಿ ಬಂತೆಂದರೆ ಮಾತು ತಾನಾಗಿ ನಿಲ್ಲಿಸುತ್ತಾನೆ, "ಹುಷಾರ್ ಮಾವಾ, ದನ ಅದಾವು" ಎನ್ನುತ್ತಾನೆ. ಅವನ ಜೀವವೂ ಅದೇ ಗಾಡಿಯಲ್ಲಿದೆ. ಫೋನಿನ ಆ ತುದಿಯಲ್ಲಿದ್ದವನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದಾನೆ. ಅವನಿಗೆ ತಿರುವು ಕಾಣುವುದಿಲ್ಲ, ಎತ್ತು ಕಾಣುವುದಿಲ್ಲ. ರಸ್ತೆಯ ಮೇಲೆ ಉಸಿರು ಬಿಗಿಹಿಡಿಯಬೇಕಾದ ಗಳಿಗೆಯಲ್ಲೇ ಅವನು "ಹಲೋ, ಹಲೋ, ಕೇಳಸತೈತೇನು?" ಎಂದು ಕೂಗುತ್ತಿರುತ್ತಾನೆ.

ಕಾನೂನು ಇಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಸೆಪ್ಟೆಂಬರ್ 1ರಿಂದ, ಫೋನು ಕೈಯಲ್ಲಿ ಹಿಡಿದು ಗಾಡಿ ಓಡಿಸುವುದು 184ನೆಯ ಕಲಮಿನಡಿ ಅಪಾಯಕಾರಿ ಚಾಲನೆ ಎನಿಸಿಕೊಂಡಿದೆ. ಮೊದಲ ಸಲವೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರದಿಂದ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಮೊಬೈಲ್ ಬಳಕೆಯ ಲೆಕ್ಕಕ್ಕೆ ಬರೆದ ಸಾವು ಮೂರು ಸಾವಿರದ ಮೇಲೆ. ನಿಜದ ಲೆಕ್ಕ ಇದಕ್ಕಿಂತ ದೊಡ್ಡದಿರಬೇಕೆಂದು ನನಗೆ ಅನಿಸುತ್ತದೆ, ಏಕೆಂದರೆ ಅಪಘಾತವಾದ ಮೇಲೆ ಫೋನು ರಸ್ತೆಬದಿಯ ಕಂಟಿಯಲ್ಲಿ ಬಿದ್ದಿರುತ್ತದೆ, ಪಂಚನಾಮೆಯಲ್ಲಿ "ಅತಿವೇಗ ಮತ್ತು ಅಲಕ್ಷ್ಯತನ" ಎಂದು ಬರೆದು ಮುಗಿಯುತ್ತದೆ. ಉತ್ತರ ಪ್ರದೇಶದ ಕುಶಿನಗರದಲ್ಲಿ 2018ರ ಏಪ್ರಿಲ್ 26ರಂದು ಕಾವಲಿಲ್ಲದ ರೈಲ್ವೆ ದಾಟುವಿನಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು 13 ಮಕ್ಕಳು ಸತ್ತರು. ಚಾಲಕನ ಕಿವಿಯಲ್ಲಿ ಇಯರ್‌ಫೋನ್ ಇತ್ತೆಂದು ಆ ದಿನವೇ ಅಲ್ಲಿಯ ಆಡಳಿತ ಹೇಳಿತು. ಕೂಗಿದವರ ದನಿ ಅವನನ್ನು ಮುಟ್ಟಲಿಲ್ಲ.

ನಮ್ಮ ಶರಣರಲ್ಲಿ ನುಲಿಯ ಚಂದಯ್ಯನ ಕಥೆ ಇದೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮ ದಾಸೋಹ ನಡೆಸುತ್ತಿದ್ದವನು. ಒಮ್ಮೆ ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗವೇ ಕಳಚಿ ನೀರಿಗೆ ಬಿತ್ತಂತೆ. ಕಾಯಕದ ಹೊತ್ತು ತಪ್ಪುತ್ತದೆಂದು ಅವನು ಕೆಲಸ ಬಿಟ್ಟು ಅದನ್ನು ಹುಡುಕಲಿಲ್ಲ. ಲಿಂಗವೇ ಅವನ ಬೆನ್ನು ಹತ್ತಿ ಬಂತು, ಮಡಿವಾಳ ಮಾಚಯ್ಯ ನಡುವೆ ಬಂದು ಬುದ್ಧಿ ಹೇಳಬೇಕಾಯಿತು. ಶೂನ್ಯಸಂಪಾದನೆಯಲ್ಲಿ ಇದರ ಸುತ್ತ ದೊಡ್ಡ ಚರ್ಚೆಯೇ ನಡೆದಿದೆ. ನನಗೆ ಇದರಲ್ಲಿ ಕಾಣುವುದು ಇಷ್ಟು: ಕೈಯಲ್ಲಿರುವ ಕೆಲಸ ಇನ್ನೊಬ್ಬರ ಅನ್ನಕ್ಕೆ ಸಂಬಂಧಿಸಿದ್ದಾಗ, ದೇವರನ್ನೂ ಒಂದು ಗಳಿಗೆ ಕಾಯಿಸಬಹುದೆಂದು ಆ ಹಗ್ಗ ಹೊಸೆಯುವವನು ನಂಬಿದ್ದ. ಗಾಡಿ ಹೊಡೆಯುವುದೂ ಕಾಯಕವೇ. ಅದರಲ್ಲಿ ಇನ್ನೊಬ್ಬರ ಅನ್ನವಷ್ಟೇ ಅಲ್ಲ, ಪ್ರಾಣವೂ ಸೇರಿದೆ. ಅಂಥಾದ್ದರಲ್ಲಿ ಎಷ್ಟು ಟನ್ ಬಂತೆಂಬ ಪ್ರಶ್ನೆಯನ್ನು ಅರ್ಧ ತಾಸು ಕಾಯಿಸಲು ನಮಗೆ ಆಗುವುದಿಲ್ಲವೇ?

ಆ ಪ್ರಾಣ ಯಾರದೆಂದೂ ನೆನೆಯಬೇಕು. ಯುಗಾದಿಗೆ ಮುಂಚೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವ ನಮ್ಮವರು ಬಿಸಿಲಿಗೆ ಅಂಜಿ ರಾತ್ರಿ ಮತ್ತು ನಸುಕಿನಲ್ಲೇ ಹೆಚ್ಚು ದಾರಿ ಸವೆಸುತ್ತಾರೆ. ಆಗಿನ್ನೂ ಕೊನೆಯ ಕಬ್ಬಿನ ಗಾಡಿಗಳು ಓಡುತ್ತಿರುತ್ತವೆ. ಬರಿಗಾಲಿನಲ್ಲಿ ಡಾಂಬರಿನ ಅಂಚು ಹಿಡಿದು ಹೋಗುವ ಆ ಹೆಣ್ಣುಮಕ್ಕಳಿಗೆ, ಮುದುಕರಿಗೆ, ಹಿಂದಿನಿಂದ ಬರುವ ಚಾಲಕನ ಹೆಸರು ಗೊತ್ತಿಲ್ಲ. ಅವನು ತಮ್ಮನ್ನು ಕಾಣುತ್ತಾನೆಂದು ನಂಬಿಯೇ ಅವರು ಬೆನ್ನು ಮಾಡಿ ನಡೆಯುತ್ತಾರೆ. ಗುರುತಿಲ್ಲದವರು ಒಬ್ಬರ ಮೇಲೊಬ್ಬರು ಇಟ್ಟ ಇಷ್ಟು ದೊಡ್ಡ ನಂಬಿಗೆ ನಮ್ಮ ಬದುಕಿನಲ್ಲಿ ಬೇರೆಲ್ಲೂ ನನಗೆ ಕಂಡಿಲ್ಲ. ಫೋನು ಮಾಡುವ ನಾನು ಮುರಿಯುವುದು ಆ ನಂಬಿಗೆಯನ್ನೇ, ಅದೂ ಮನೆಯಲ್ಲಿ ಕೂತುಕೊಂಡು.

ಹೌದು, ಕರೆ ಮಾಡಿದವನದೂ ಪಾಲಿದೆ. 184ನೆಯ ಕಲಮು ಅವನನ್ನು ಮುಟ್ಟುವುದಿಲ್ಲ, ಪೊಲೀಸರು ಅವನನ್ನು ಹಿಡಿಯುವುದಿಲ್ಲ, ಆದ್ದರಿಂದ ಅವನು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಆ ತುದಿಯಲ್ಲಿ ಫೋನು ಎತ್ತಿದ ಕೂಡಲೇ ಗಾಳಿಯ ಸದ್ದು, ಎಂಜಿನ್ನಿನ ಸದ್ದು ಕೇಳುತ್ತದೆ. ಕೇಳಿಯೂ ನಾವು ಮಾತು ಮುಂದುವರಿಸುತ್ತೇವೆ. "ಗಾಡಿ ಮ್ಯಾಲಿದ್ದೀಯೇನು? ಹಂಗಾರ ಇಡು, ಮುಟ್ಟಿದ ಮ್ಯಾಲ ಮಾಡು" ಎನ್ನಲು ಎರಡು ಉಸಿರು ಸಾಕು. ಎತ್ತದೇ ಇದ್ದವನನ್ನು ಆಮೇಲೆ ಬೈಯದಿರುವುದು ಅದಕ್ಕಿಂತ ದೊಡ್ಡ ಉಪಕಾರ.

ಇದು ಒಬ್ಬಿಬ್ಬರಿಂದ ಆಗುವ ಮಾತಲ್ಲ ಎನ್ನುವವರಿಗೆ ನಮ್ಮ ಪಕ್ಕದ ಚಿಕ್ಕಪಡಸಲಗಿಯನ್ನೇ ತೋರಿಸುತ್ತೇನೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ವಂತಿಗೆ ಹಾಕಿ, ತಾವೇ ಕಲ್ಲು ಮಣ್ಣು ಹೊತ್ತು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರು. ಇವತ್ತು ರಸ್ತೆ ತುಂಬ ಓಡಾಡುವ ಕಬ್ಬಿಗೆ ಆ ನೀರಿನ ಋಣವೂ ಇದೆ. ಸರ್ಕಾರದ ದಾರಿ ಕಾಯದೆ ಹೊಳೆಯನ್ನೇ ನಿಲ್ಲಿಸಿದ ಸೀಮೆಗೆ ತನ್ನ ಮಕ್ಕಳ ಫೋನು ನಿಲ್ಲಿಸುವುದು ಆಗದ ಕೆಲಸವಲ್ಲ.

ಅದಕ್ಕೆ ಮುಹೂರ್ತವೂ ನಮ್ಮಲ್ಲೇ ಇದೆ. ಮಹಾನವಮಿಯ ಖಂಡೇಪೂಜೆಯ ದಿನ ಟ್ರ್ಯಾಕ್ಟರು ತೊಳೆದು, ಬಾಳೆ ಕಂಬ ಕಟ್ಟಿ, ಕುಂಬಳಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಅದಾಗಿ ಕೆಲವೇ ವಾರಕ್ಕೆ ಕಾರ್ಖಾನೆಗಳು ಸುರುವಾಗುತ್ತವೆ. ಆ ದಿನ ಚಾಲಕನ ಕೈಗೆ ಹೊಸ ಅರಿವೆ, ಕಾಯಿ ಕೊಡುವಾಗ ಗಾಡಿಯ ಮಾಲೀಕ ಮನೆಮಂದಿಯ ಎದುರಿಗೇ ಒಂದು ಮಾತು ಕೊಡಲಿ: "ತಮ್ಮಾ, ನೀ ದಾರ್ಯಾಗ ಇದ್ದಾಗ ನನ್ನ ಫೋನ್ ಬಂದ್ರೂ ಎತ್ತಬ್ಯಾಡ. ತಡಾ ಆದ್ರ ಆಗಲಿ. ಯಾಕ ಎತ್ತಲಿಲ್ಲಂತ ನಾ ಕೇಳೂದಿಲ್ಲ."